ಆಯೋಗಕ್ಕೆ ಮಜ್ಜಿಗೆಯ ಉಪಚಾರ

ಮಹಿಳಾ ಆಯೋಗದ ಅಧ್ಯಕ್ಷೆ ಕಚೇರಿ ನೋಡಲು ಬರುತ್ತಾರೆಂದು ಗೊತ್ತಾದದ್ದೇ ತಡ, ಸಾಹೇಬರು ಅಟೆಂಡರ್ ದುರುಗಮ್ಮನನ್ನು ಕರೆಸಿದರು.

"ಅವರು ಏನೇ ಕೇಳಲಿ, ಇಲ್ಲಿ ಹೆಂಗಸರಿಗೆ ಯಾವ ತೊಂದರೆಯೂ ಇಲ್ಲ ಅನ್ನಬೇಕು. ಬೇರೆ ಮಾತಾಡಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಸಾರ್."

ಸಾಹೇಬರು ಹೊಸ ಮನೆ ಕಟ್ಟಿಸುತ್ತಿದ್ದರು. ಅದರ ಸಿಮೆಂಟ್ ಚೀಲಗಳನ್ನೆಲ್ಲ ಹೆಂಗಸರ ಶೌಚಾಲಯದಲ್ಲಿ ತುಂಬಿ ಬೀಗ ಜಡಿದಿದ್ದರು. ಕಚೇರಿಯ ಹೆಂಗಸರು ಸಂಜೆಯವರೆಗೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ಉರಿಬಿಸಿಲಲ್ಲಿ ಅಧ್ಯಕ್ಷೆ ಬಂದರು. ದುರುಗಮ್ಮ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಕುಡಿದ ಕೂಡಲೇ ಮತ್ತೆ ತುಂಬಿಸಿದಳು.

"ಸಾಕಮ್ಮ."

"ಒಂದೇ ಲೋಟಕ್ಕೆ ಸಾಕು ಅಂದರೆ ಹೆಂಗೆ ತಾಯಿ?"

"ಇನ್ನೊಂದಿಷ್ಟು ಹಾಕಮ್ಮ!" ಎಂದು ಸಾಹೇಬರೇ ಒತ್ತಾಯ ಮಾಡಿದರು.

"ನಿಮಗಿಲ್ಲಿ ಏನಾದರೂ ತೊಂದರೆ ಇದೆಯಾ?" ಅಧ್ಯಕ್ಷೆ ಕೇಳಿದರು.

"ಏನೂ ಇಲ್ಲ ತಾಯಿ."

ಸಾಹೇಬರು ಮೀಸೆ ತೀಡಿಕೊಂಡು, ಹೆಣ್ಣು ದೇವತೆ ಎಂದು ಭಾಷಣ ಶುರು ಮಾಡಿದರು. ಭಾಷಣ ಮುಗಿಯಲಿಲ್ಲ. ಅಧ್ಯಕ್ಷೆ ಕುರ್ಚಿಯಲ್ಲಿ ಆಚೀಚೆ ಸರಿದಾಡಿದರು. ಕೊನೆಗೆ ದುರುಗಮ್ಮನನ್ನು ಹತ್ತಿರ ಕರೆದು ಮೆಲ್ಲಗೆ ಏನೋ ಕೇಳಿದರು.

"ಐತೆ ತಾಯಿ," ದುರುಗಮ್ಮ ಎಲ್ಲರಿಗೂ ಕೇಳುವಂತೆ ಅಂದಳು. "ಬೀಗದ ಕೈ ಸಾಹೇಬರ ಜೇಬಲ್ಲೈತೆ. ಒಳಗೆ ಅವರ ಸಿಮೆಂಟ್ ಐತೆ."

"ಮತ್ತೆ ತೊಂದರೆ ಇಲ್ಲ ಅಂದೆಯಲ್ಲ?"

"ನಮಗೆ ರೂಢಿ ಆಗೈತೆ ತಾಯಿ. ಇವತ್ತು ತೊಂದರೆ ನಿಮ್ಮದು."

ಅಧ್ಯಕ್ಷೆ ಹಲ್ಲು ಕಚ್ಚಿ ಎದ್ದು ನಿಂತರು. "ಈಗಲೇ ಖಾಲಿ ಮಾಡಿ. ನೀವೇ ಹೊರಬೇಕು!"

ಸಾಹೇಬರು ಇಸ್ತ್ರಿ ಶರ್ಟಿನಲ್ಲೇ ಚೀಲ ಹೊತ್ತರು. ಬಾಗಿಲಲ್ಲಿ ದುರುಗಮ್ಮ ಲೋಟ ಹಿಡಿದು ನಿಂತಿದ್ದಳು.

"ಬಿಸಿಲು ಜೋರೈತೆ ಸಾರ್. ಸ್ವಲ್ಪ ಮಜ್ಜಿಗೆ ಕುಡೀರಿ."