ರಾಚಪ್ಪ ಬರೆದ ಸೊಳ್ಳೆ

ಒಂದೂರಲ್ಲಿ ರಾಚಪ್ಪ ಅಂತ ಒಬ್ಬ ಪೇಂಟರ್ ಇದ್ದ. ಅವನು ಬರೆದ ಹಸು ಎದ್ದು ಬಂದು ಹುಲ್ಲು ಕೇಳಬೇಕು, ಅಂಥ ಕೈ. ತಲೆ ಮಾತ್ರ ಅವನದಲ್ಲ, ಬುದ್ಧಿ ಹೇಳಿದವರದು. ಮೂವತ್ತು ದಾಟಿದ ಮಗನಿಗೆ ಬುದ್ಧಿ ಹೇಳಿ ಹೇಳಿ ತಾಯಿ ಚಿಕ್ಕತಾಯಮ್ಮನ ನಾಲಿಗೆ ಸವೆದಿತ್ತು. "ಒಲೆ ಮೇಲೆ ಹಾಲಿದೆ, ನೋಡ್ತಾ ಇರು" ಅಂದರೆ, ಅದು ಉಕ್ಕಿ ಒಲೆ ಆರುವವರೆಗೂ ನೋಡುತ್ತಾ ಕೂರುವ ಪೈಕಿ.

ಆ ವರ್ಷ ಊರಿಗೆ ಡೆಂಗ್ಯೂ ಬಂತು. ಚಿಕ್ಕತಾಯಮ್ಮನ ಮೊಮ್ಮಗಳು ಚಂದ್ರಿ ಆಸ್ಪತ್ರೆ ಸೇರಿದಳು. ಅಕ್ಕಪಕ್ಕದ ಹಾಸಿಗೆಗಳಲ್ಲಿ ಅದೇ ಕೇರಿಯ ಆರು ಮಕ್ಕಳು. ನಿಂತ ನೀರು ಚೆಲ್ಲಿ, ಸೊಳ್ಳೆ ಅಲ್ಲೇ ಹುಟ್ಟೋದು ಅಂತ ಡಾಕ್ಟರಮ್ಮ ಬಡಕೊಂಡರು. ಹೇಳಿದರೆ ಕೇಳುವ ಜನವೇ? ಚಿತ್ರ ಬರೆಸಿ ತೋರಿಸೋಣ ಅಂತ ಪುರಸಭೆ ಅಧ್ಯಕ್ಷ ಮರಿಗೌಡರು ರಾಚಪ್ಪನನ್ನು ಕರೆಸಿದರು.

"ಮೇಲುಗಡೆ ನಾನು ದೊಡ್ಡದಾಗಿ ಕೈ ಮುಗಿದಿರಬೇಕು. ಕೆಳಗಡೆ ಸಣ್ಣದಾಗಿ ಒಂದು ಸೊಳ್ಳೆ ಬರಿ, ಸಾಕು."

ರಾಚಪ್ಪ ಬಸ್ ಸ್ಟ್ಯಾಂಡ್ ಗೋಡೆಗೆ ಬರೆದ. ಗೌಡರು ಹತ್ತಡಿ, ಸೊಳ್ಳೆ ಸೊಳ್ಳೆಯಷ್ಟೇ. ಗೌಡರ ಹುಟ್ಟುಹಬ್ಬವಿರಬೇಕು ಅಂತ ಜನ ಹಾರ ಹಾಕಿ ಬಾಳೆಹಣ್ಣು ಹಂಚಿದರು. ಯಾರೋ ಒಬ್ಬ ಸೊಳ್ಳೆಯನ್ನು ಕಂಡ. ನಿಜವಾದ್ದು ಅಂತ ಬಡಿದು ಹೋದ.

"ಅಯ್ಯೋ ನನ್ನ ಕರ್ಮವೇ, ಕಾಯಿಲೆ ತರೋದನ್ನ ಅಲ್ವೇನೋ ದೊಡ್ಡದಾಗಿ ಬರಿಯೋದು? ನೋಡಿದೋರು ಹೆದರಿ ನಡುಗಬೇಕು ಕಣೋ," ಅಂದಳು ತಾಯಿ.

"ಆಗಲಿ ಕಣವ್ವ."

ಸಂತೆಬೀದಿ ಗೋಡೆಗೆ ಆನೆ ಗಾತ್ರದ ಸೊಳ್ಳೆ ಬಂತು. ಕೆಂಡದ ಕಣ್ಣು, ಕೋರೆಹಲ್ಲು, ಹೊರಚಾಚಿದ ನಾಲಿಗೆ. ಜನ ಹೆದರಿದರು. ಹೆದರಿದ ಜನ ಮಾಡುವುದೇನು? ಒಬ್ಬಳು ಕುಂಕುಮ ಹಚ್ಚಿದಳು, ಇನ್ನೊಬ್ಬಳು ನಿಂಬೆಹಣ್ಣು ಕಟ್ಟಿದಳು, ಮತ್ತೊಬ್ಬಳು ತುಂಬಿದ ಕಳಶ ಇಟ್ಟು ಹರಕೆ ಹೊತ್ತಳು. ವಾರದೊಳಗೆ ಗೋಡೆಯ ಬುಡದಲ್ಲಿ ನಲವತ್ತು ಕಳಶ. ಒಂದೊಂದರಲ್ಲೂ ಸೊಳ್ಳೆಮರಿಗಳು ಮಿಜಿಮಿಜಿ ಅನ್ನುತ್ತಿದ್ದವು. ಆಸ್ಪತ್ರೆಗೆ ಇನ್ನೂ ಮೂರು ಮಕ್ಕಳು ಬಂದವು.

ಚಿಕ್ಕತಾಯಮ್ಮ ಹಣೆ ಹಣೆ ಚಚ್ಚಿಕೊಂಡಳು. ಹೆತ್ತ ಹೊಟ್ಟೆಗೂ ಸಿಟ್ಟು ಬರುತ್ತದೆ.

"ಇಲ್ಲದ್ದನ್ನ ಸೇರಿಸಬೇಡ, ಇರೋದನ್ನ ಬಿಡಬೇಡ. ಸೊಳ್ಳೆ ಎಲ್ಲಿ ಹುಟ್ತದೋ ಹೋಗಿ ನೋಡು. ಕಂಡಂಗೇ ಬರಿ. ತಿಳೀತಾ?"

"ತಿಳೀತು ಕಣವ್ವ."

ರಾಚಪ್ಪ ಮೂರು ದಿನ ಊರೆಲ್ಲ ತಿರುಗಿದ. ಎಲ್ಲಕ್ಕಿಂತ ಹೆಚ್ಚು ಮರಿ ಕಂಡದ್ದು ಮರಿಗೌಡರ ಅಂಗಳದ ತಾವರೆ ತೊಟ್ಟಿಯಲ್ಲಿ. ಪುರಸಭೆಯ ಎದುರು ಗೋಡೆಯ ಮೇಲೆ ಅದನ್ನೇ ಬರೆದ. ತೊಟ್ಟಿ, ಪಾಚಿ, ಮರಿ, ಹಿಂದೆ ಜಗಲಿಯ ಕುರ್ಚಿಯಲ್ಲಿ ಬನೀನು ತೊಟ್ಟು ಕಾಫಿ ಕುಡಿಯುತ್ತಾ ಕೂತ ಗೌಡರು, ಬಾಗಿಲಲ್ಲಿ ಅವರ ಹೆಸರಿನ ಬೋರ್ಡು. ಒಂದನ್ನೂ ಬಿಡಲಿಲ್ಲ. ಊರಿಗೆ ಊರೇ ನಿಂತು ನಕ್ಕಿತು.

ಗೌಡರು ರಾಚಪ್ಪನ ಮನೆ ಬಾಗಿಲಿಗೇ ಬಂದರು. "ನಾಳೆ ಹತ್ತು ಗಂಟೆಗೆ ಜಿಲ್ಲಾಧಿಕಾರಿ ಬರ್ತಾರೆ. ಅಷ್ಟರೊಳಗೆ ಆ ಚಿತ್ರದಲ್ಲಿ ತೊಟ್ಟಿನೂ ಇರಬಾರದು, ನಾನೂ ಇರಬಾರದು."

ಅವರು ಹೋದ ಮೇಲೆ ರಾಚಪ್ಪ ತಲೆ ಕೆರೆದುಕೊಂಡ. "ಇರೋದನ್ನ ಬಿಡಬೇಡ ಅಂದಿದ್ದೆಯಲ್ಲವ್ವ?"

ಚಿಕ್ಕತಾಯಮ್ಮ ಆಸ್ಪತ್ರೆಗೆ ಗಂಜಿ ಒಯ್ಯುವ ಅವಸರದಲ್ಲಿದ್ದಳು. "ನನ್ನ ತಲೆ ತಿನ್ನಬೇಡ. ಅವರ ಮಾತೂ ನಡೀಲಿ, ನನ್ನ ಮಾತೂ ನಡೀಲಿ. ಹೆಂಗಾರ ಮಾಡು."

ಮರುದಿನ ಬೆಳಗ್ಗೆ ಗೌಡರ ಮನೆ ಕಡೆಯಿಂದ ಗದ್ದಲ ಕೇಳಿ ಚಿಕ್ಕತಾಯಮ್ಮ ಓಡಿದಳು. ಮಗ ಹಾರೆ ಹಿಡಿದು ನಿಂತಿದ್ದ. ತೊಟ್ಟಿ ಒಡೆದು, ನೀರೆಲ್ಲ ಹರಿದು, ಗುಂಡಿಗೆ ಮಣ್ಣು ಬಿದ್ದಿತ್ತು. ಜಗಲಿಯ ಕುರ್ಚಿಯಲ್ಲಿ ಗೌಡರು ಕಾಫಿ ಲೋಟ ಹಿಡಿದು ಬಾಯಿ ಬಿಟ್ಟುಕೊಂಡು ಕೂತಿದ್ದರು. ಅವಳು ಹೊಡೆಯಲು ಕೈ ಎತ್ತಿದಳು. ಕೆಸರಲ್ಲಿ ಒದ್ದಾಡಿ ಸಾಯುತ್ತಿದ್ದ ಸೊಳ್ಳೆಮರಿಗಳನ್ನು ಕಂಡಳು. ಚಂದ್ರಿ ನೆನಪಾದಳು. ಎತ್ತಿದ ಕೈ ಮಗನ ಬೆನ್ನಿನ ಮೇಲೆ ಮೆಲ್ಲಗೆ ಇಳಿಯಿತು.

ರಾಚಪ್ಪ ಹಾರೆ ಕೆಳಗಿಟ್ಟು, ಬಣ್ಣದ ಡಬ್ಬ ಎತ್ತಿಕೊಂಡು, ಜಗಲಿಯ ಮುಂದೆ ಬಗ್ಗಿ ಕೈ ಮುಗಿದ.

"ತೊಟ್ಟಿ ಆಯ್ತು ಬುದ್ಧಿ. ಇನ್ನು ತಾವು ಆ ಕುರ್ಚಿ ಬಿಟ್ಟು ಹೊರಡಿ. ತಾವು ಇಲ್ಲಿ ಕೂತಿರೋಗಂಟ ನಾನು ಅಲ್ಲಿ ಅಳಿಸೋಕಾಗಲ್ಲ."