ಬಸವಣ್ಣ ಕೂತ ಜಾಗ

ತುಂಗಭದ್ರೆಯ ದಡದಲ್ಲಿ ತೀರ್ಥಗಡವೆಂಬ ಪುರಾತನ ಊರು. ಅರಸರ ಕಾಲದ ಕೋಟೆ ಅರ್ಧ ಬಿದ್ದಿದ್ದರೂ ಹೊಳೆಗಿಳಿಯುವ ಕಲ್ಲಿನ ಮೆಟ್ಟಿಲುಗಳು ಮಾತ್ರ ಕದಲಿರಲಿಲ್ಲ. ಅಲ್ಲಿಯ ಮುರುಕು ಮಂಟಪದಲ್ಲಿ ಒಂದು ಕಂಬಳಿ, ಒಂದು ಮಣ್ಣಿನ ಕುಡಿಕೆ ಇಟ್ಟುಕೊಂಡು ಪೂಜ್ಯ ನೀಲಲೋಚನ ಶಿವಯೋಗಿಗಳು ವಾಸವಾಗಿದ್ದರು. ಊರವರ ಬಾಯಲ್ಲಿ ಅವರು ಮೆಟ್ಟಿಲಜ್ಜ. ಬೆಳಗಾದರೆ ಮೆಟ್ಟಿಲ ಕೆಸರು ಬಳಿದು ತೆಗೆಯುವರು. ಯಾತ್ರಿಕರು ಕೊಟ್ಟರೆ ಉಣ್ಣುವರು, ಇಲ್ಲವಾದರೆ ಹೊಳೆ ನೋಡುತ್ತ ಕೂರುವರು. ಮಾತು ಬಲು ಕಡಿಮೆ.

ಕೊನೆಯ ಮೆಟ್ಟಿಲ ಮೇಲೆ, ಕೂತ ಮನುಷ್ಯನಷ್ಟು ಎತ್ತರದ ಕಲ್ಲಿನ ಬಸವಣ್ಣನಿದ್ದ. ಮಳೆಗಾಲದಲ್ಲಿ ಊರಿಗೆ ಅವನೇ ಯಜಮಾನ. ನೀರು ಅವನ ಕೊರಳ ಗಂಟೆ ಮುಟ್ಟಿತೆಂದರೆ ಮುಗಿಯಿತು, ಯಾರೇ ಹೇಳಲಿ, ಹರಗೋಲು ಹೊಳೆಗಿಳಿಯುವಂತಿಲ್ಲ.

ಅರಿವೆ ಅಂಗಡಿಯ ಅಂದಾನಪ್ಪ ಶೆಟ್ಟರಿಗೆ ಈ ನೋಟ ಕಣ್ಣಿಗೆ ಚುಚ್ಚುತ್ತಿತ್ತು. ದೂರದೂರದಿಂದ ಬರುವ ಯಾತ್ರಿಕರೆದುರು ದೇವರು ರಾಡಿಯಲ್ಲಿ ಮುಳುಗಿರುವುದೇ! ಶೆಟ್ಟರು ಭಕ್ತರು, ಅದರಲ್ಲಿ ಎರಡು ಮಾತಿಲ್ಲ. ಬೇಸಿಗೆಯಲ್ಲಿ ಮೇಲೊಂದು ನುಣುಪುಗಲ್ಲಿನ ಕಟ್ಟೆ ಕಟ್ಟಿಸಿ, ತಮ್ಮ ಹೆಸರನ್ನೂ ಕೆತ್ತಿಸಿ, ಮಂಗಳವಾದ್ಯದೊಂದಿಗೆ ಬಸವಣ್ಣನನ್ನು ಅದರ ಮೇಲೆ ಕೂರಿಸಿದರು. ಊರೆಲ್ಲ ಹೊಗಳಿತು. ಅಜ್ಜನವರು ಮಾತ್ರ, "ಇಳಿಸಿಬಿಡು ಅಂದಾನಪ್ಪ" ಎಂದರು.

ಶೆಟ್ಟರ ಮೈಯೆಲ್ಲ ಉರಿದುಹೋಯಿತು. "ಕಾವಿ ಉಟ್ರೂ ಹೊಟ್ಟೆಕಿಚ್ಚು ಹೋಗಂಗಿಲ್ಲ ನೋಡ್ರಿ" ಎಂದು ಅಂಗಡಿಗೆ ಬಂದವರೆಲ್ಲರ ಮುಂದೆ ಆಡಿಕೊಂಡರು.

ಶ್ರಾವಣ ಬಂತು. ಪಂಚಮಿ ಹಬ್ಬಕ್ಕೆ ಶೆಟ್ಟರ ಒಬ್ಬಳೇ ಮಗಳು ಶಂಕ್ರವ್ವ ಕೈಗೂಸಿನೊಂದಿಗೆ ತವರಿಗೆ ಹೊರಟು ಆಚೆ ದಡಕ್ಕೆ ಬಂದು ನಿಂತಳು. ಮೊಮ್ಮಗನ ಮುಖವನ್ನು ಶೆಟ್ಟರು ಇನ್ನೂ ಕಂಡಿರಲಿಲ್ಲ. ಹೊಳೆ ಕೆಂಪಗೆ ತಿರುಗಿ ಹರಿಯುತ್ತಿತ್ತು.

"ಹರಗೋಲು ಹಾಕೋ ಹುಲಿಗೆಪ್ಪ, ಕೂಸು ಹಸಿದೈತಿ" ಎಂದು ಈಚೆ ದಡದಲ್ಲಿ ಶೆಟ್ಟರು ಅವಸರಪಡಿಸಿದರು.

ಅಂಬಿಗರ ಹುಲಿಗೆಪ್ಪ ತಲೆ ಕೆರೆದುಕೊಂಡ. "ಯಾಕೋ ಮನಸ್ಸು ಒಪ್ಪವಲ್ದು ಸಾವ್ಕಾರ್ರ."

"ನಿನ್ನ ಮನಸ್ಸು ಯಾರು ಕೇಳ್ಯಾರೋ? ಬಸವಣ್ಣನ್ನ ನೋಡು. ಕೊರಳಿರಲಿ, ಪಾದಕ್ಕೂ ನೀರು ಮುಟ್ಟಿಲ್ಲ!"

ಹೌದು, ಮುಟ್ಟಿರಲಿಲ್ಲ. ಬಸವಣ್ಣ ಮೇಲೆ ಒಣಗಿ ಬೆಚ್ಚಗೆ ಕೂತಿದ್ದ. ಅವನ ಅಪ್ಪಣೆಯಾದ ಮೇಲೆ ಎದುರಾಡಿದ ಅಂಬಿಗನೇ ಆ ಊರಲ್ಲಿರಲಿಲ್ಲ. ಹುಲಿಗೆಪ್ಪ ಹಗ್ಗ ಬಿಚ್ಚಲು ಬಗ್ಗಿದ.

ಆಗ ಶಿವಯೋಗಿಗಳು ಮಂಟಪದಿಂದೆದ್ದು ಬಂದರು. ಮುಳುಗಿದ ಮೆಟ್ಟಿಲುಗಳನ್ನು ಕಾಲಿನಿಂದಲೇ ತಡವುತ್ತ ಇಳಿದು, ಬಸವಣ್ಣ ಮೊದಲಿದ್ದ ಜಾಗದಲ್ಲಿ ಪದ್ಮಾಸನ ಹಾಕಿ, ಮೆಟ್ಟಿಲ ಪಕ್ಕದ ಗೋಡೆಯ ಕಬ್ಬಿಣದ ಬಳೆ ಹಿಡಿದು ಕೂತುಬಿಟ್ಟರು. ನೀರು ಅವರ ಕೊರಳಿಗೆ ಬಂತು.

"ಅಯ್ಯೋ ಅಜ್ಜಾರ! ಎದ್ದು ಬರ್ರಿ, ಕೊಚ್ಚಿಕೊಂಡು ಹೋಗ್ತೀರಿ!" ಶೆಟ್ಟರು ಚೀರಿದರು.

"ಹರಗೋಲು ಬಿಡಂಗಿಲ್ಲ ಅನ್ನು. ಬರ್ತೀನಿ."

ಆಚೆ ದಡದಿಂದ ಮಗಳು ಕೈಬೀಸಿ ಕೂಗುತ್ತಿದ್ದಳು. ಶೆಟ್ಟರ ಜೀವ ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಹೊಯ್ದಾಡಿತು. ನೀರು ಅಜ್ಜನವರ ಗದ್ದ ಮುಟ್ಟಿತು. ಅವರು ಅಲುಗಲಿಲ್ಲ.

"ಯಾಕ್ರಿ ಈ ಹಟ? ದೇವರಿಗೆ ನೀರು ಸೋಕಬಾರದಂತ ನಾ ಎತ್ತರಕ್ಕೆ ಕೂರಿಸಿದ್ದು ತಪ್ಪೇನ್ರಿ?"

"ನೀರು ಮೊದಲು ತನಗೆ ಸೋಕಲಿ ಅಂತನ ಅವ ಇಲ್ಲಿ ಕೂತಿದ್ದ, ಅಂದಾನಪ್ಪ."

ಶೆಟ್ಟರು ಮೇಲಿನ ಬಸವಣ್ಣನನ್ನು ನೋಡಿದರು, ಕೆಳಗೆ ಗದ್ದದವರೆಗೆ ಮುಳುಗಿದ ಮುದಿ ತಲೆಯನ್ನು ನೋಡಿದರು. "ಹಗ್ಗ ಕಟ್ಟೋ ಹುಲಿಗೆಪ್ಪ! ಬ್ಯಾಡ, ಬ್ಯಾಡ!" ಎನ್ನುತ್ತ ಉಟ್ಟ ಧೋತರದಲ್ಲೇ ನೀರಿಗಿಳಿದು ಅಜ್ಜನವರನ್ನು ತಬ್ಬಿ ಮೇಲೆತ್ತಿದರು.

ಅಜ್ಜನವರ ಮೈ ಒರೆಸುತ್ತಿದ್ದ ಹಾಗೆಯೇ ಮೇಲಿನಿಂದ ಹೊಸ ನೀರು ಗುಡುಗುತ್ತ ಬಂತು. ಬುಡಸಮೇತ ಕಿತ್ತ ಹುಣಸೆಮರವೊಂದು ನಡುಹೊಳೆಯಲ್ಲಿ ಉರುಳಾಡುತ್ತ, ಹರಗೋಲು ಇರಬೇಕಾಗಿದ್ದ ಕಡೆಯಿಂದಲೇ ಹಾದುಹೋಯಿತು. ಶೆಟ್ಟರು ಮಗುವಿನಂತೆ ಅತ್ತರು.

ಶಂಕ್ರವ್ವ ಪರಿಚಿತರ ಮನೆಯಲ್ಲಿ ತಂಗಿ, ಹೊಳೆ ಇಳಿದ ಮೇಲೆ ದಾಟಿಬಂದಳು. ಹಬ್ಬ ಮುಗಿದುಹೋಗಿತ್ತು. ಅವಳು ಹರಗೋಲಿನಿಂದ ಇಳಿಯುವಾಗ ಶೆಟ್ಟರು ಮೊಣಕಾಲುದ್ದ ಕೆಸರಲ್ಲಿ ನಿಂತು, ಆಳುಗಳ ಜೊತೆ ಹಗ್ಗಕ್ಕೆ ಹೆಗಲು ಕೊಟ್ಟು ಬಸವಣ್ಣನನ್ನು ಇಳಿಸುತ್ತಿದ್ದರು. ಅವನು ತನ್ನ ಜಾಗದಲ್ಲಿ ಕೂತ ಮೇಲೆಯೇ ಅವರು ಕೈ ತೊಳೆದು ಮೊಮ್ಮಗನನ್ನು ಎತ್ತಿಕೊಂಡದ್ದು.

ಕಟ್ಟೆಯನ್ನು ಶೆಟ್ಟರು ಕೆಡವಲಿಲ್ಲ. ಅಜ್ಜನವರು ಲಿಂಗೈಕ್ಯರಾದ ಮೇಲೆ ಮೆಟ್ಟಿಲ ಕೆಸರು ಬಳಿಯುವ ಸೇವೆ ಅವರದಾಯಿತು. ಹೊಸದಾಗಿ ಬಂದ ಯಾತ್ರಿಕರು, "ಇಷ್ಟು ಚಂದದ ಕಟ್ಟೆ ಖಾಲಿ ಬಿಟ್ಟು ದೇವರನ್ನ ರಾಡಿಯಲ್ಲಿ ಕೂರಿಸೀರಲ್ಲ, ಯಾವ ಪುಣ್ಯಾತ್ಮ ಮಾಡಿದ ಕೆಲಸ?" ಎಂದು ಬೈದರೆ, ಶೆಟ್ಟರು ಸೊಂಟ ನೆಟ್ಟಗೆ ಮಾಡಿ ನಗುತ್ತಿದ್ದರು.

"ಹೆಸರು ಕಟ್ಟೆ ಮ್ಯಾಲೇ ಕೆತ್ತೈತಿ, ಓದಿಕೊಳ್ರಿ. ಕೆಳಗಿನ ಜಾಗದಾಗ ಮಾತ್ರ ಯಾರ ಹೆಸರೂ ಇಲ್ಲ. ಅಲ್ಲಿ ನಮ್ಮ ಅಜ್ಜಾರು ಕೂತಿದ್ರು."