ಪಿಕಳಾರನ ಕೊಕ್ಕಿನಲ್ಲಿದ್ದದ್ದು

ಸುಳ್ಳೆನ್ನುವವರು ಎದ್ದು ನಿಲ್ಲಿ ನೋಡೋಣ! ನಮ್ಮೂರಿನ ಕೆಂಪು ಹುಂಜ ಅಂದು ಕೂಗುವುದನ್ನೇ ಮರೆತು ನಿಂತುಬಿಟ್ಟ. ಜಗಲಿ ಪಕ್ಕದ ದಾಸವಾಳ ಗಿಡದ ಗೂಡಿನಿಂದ ಪಿಕಳಾರ ಹಕ್ಕಿ ತನ್ನ ಮರಿಯ ಹಿಕ್ಕೆಯನ್ನು ಕೊಕ್ಕಿನಲ್ಲೇ ಕಚ್ಚಿಕೊಂಡು ಹೊರಟಿದ್ದ.

“ಥೂ! ಗಂಡಾಗಿ ಇದೇನು ಗತಿ ಬಂತೋ ನಿನಗೆ?”

ಪಿಕಳಾರ ಅದನ್ನು ದೂರ ಎಸೆದು ಬಂದ. “ವಾಸನೆ ಹಿಡಿದು ಬೆಕ್ಕು ಬರುತ್ತೆ, ಹುಂಜಣ್ಣ.”

“ಬರಲಿ! ನನ್ನ ಒಂದು ಕೂಗಿಗೆ ಹುಲಿಯೂ ಓಡಬೇಕು.”

ಬೆಕ್ಕು ಬಂದೇಬಿಟ್ಟಿತು. ದಾಸವಾಳದ ಬುಡ ಮೂಸಿತು, ಏನೂ ಸಿಗಲಿಲ್ಲ. ಹುಂಜನ ಮರಿಗಳಿದ್ದ, ಹಿಕ್ಕೆಯಿಂದ ಗಬ್ಬು ನಾರುತ್ತಿದ್ದ ಬುಟ್ಟಿಗೇ ನುಗ್ಗಿತು. ಹುಂಜನಿಗೆ ಸ್ವರವೇ ಹೊರಡಲಿಲ್ಲ. ಹೇಂಟೆಯೊಬ್ಬಳೇ ಮೇಲೆರಗಿ, ಕುಕ್ಕಿ ಕುಕ್ಕಿ ಬೆಕ್ಕನ್ನು ಓಡಿಸಿದಳು. ಏದುಸಿರಿನಲ್ಲೇ ಗಂಡನತ್ತ ತಿರುಗಿದಳು.

“ಎಲ್ಲಿ ಹೋಯಿತು ಆ ಕೂಗು?”

ಅಂದಿನಿಂದ ಹುಂಜನಿಗೆ ಸಿಕ್ಕಿದ್ದು ಬುಟ್ಟಿಯ ಹಿಕ್ಕೆ ಬಾಚುವ ಕೆಲಸ.